ಊರ ಜಮೀನಿನಲ್ಲಿ ವಿಶ್ವವಿದ್ಯಾಲಯದ ಕಟ್ಟಡ: ಆಕ್ಷೇಪಣೆಯನ್ನು ಹೇಗೆ, ಯಾವಾಗ, ಯಾರಿಗೆ ಸಲ್ಲಿಸಬೇಕು

ಕಲಬುರಗಿ ಸೀಮೆಯಲ್ಲಿ ವಿಶ್ವವಿದ್ಯಾಲಯದ ಹೊಸ ಆವರಣವೋ ಹಳೆಯ ಆವರಣದ ವಿಸ್ತರಣೆಯೋ ಊರಿನ ಅಂಚಿಗೆ ಬಂದಾಗ, ಅದನ್ನು ಪ್ರಶ್ನಿಸುವವರ ಮೇಲೆ ಬರುವ ಮೊದಲ ಆರೋಪವೆಂದರೆ ಇವರಿಗೆ ಶಿಕ್ಷಣವೇ ಬೇಡ ಎಂಬುದು. ಈ ಮಾತಿಗೆ ಉತ್ತರ ಆಕ್ಷೇಪಣೆಯ ಮೊದಲ ಸಾಲಿನಲ್ಲಿಯೇ ಇರಬೇಕು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ 1980ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯವಾಗಲಿ, 2009ರಲ್ಲಿ ಸ್ಥಾಪನೆಯಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆ ನಿಂತ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಾಗಲಿ ಈ ನಾಡಿಗೆ ಅಗತ್ಯವಾಗಿಯೇ ಬಂದವು; ಒಕ್ಕಲುತನದ ಎಷ್ಟೋ ಮನೆಗಳ ಮೊದಲ ಪದವೀಧರರು ಅಲ್ಲಿಂದಲೇ ಹೊರಬಂದಿದ್ದಾರೆ. ಆದ್ದರಿಂದ ನಿಮ್ಮ ತಕರಾರು ವಿಶ್ವವಿದ್ಯಾಲಯದ ಮೇಲೋ, ಅದು ಆರಿಸಿಕೊಂಡ ಜಾಗದ ಮೇಲೋ, ಕೇಳಿದ ಎಕರೆಗಳ ಮೇಲೋ, ಮುಚ್ಚಲಿರುವ ದಾರಿಯ ಮೇಲೋ ಎಂಬುದನ್ನು ಊರಿನವರು ಚಾವಡಿಯಲ್ಲಿ ಕುಳಿತು ಮೊದಲು ತೀರ್ಮಾನಿಸಿಕೊಳ್ಳಬೇಕು. ‘ಕಟ್ಟಡವೇ ಬೇಡ’ ಎಂಬ ಅರ್ಜಿಗೆ ಅಧಿಕಾರಿಗಳು ಒಂದೇ ಸಾಲಿನ ಹಿಂಬರಹ ಕೊಟ್ಟು ಮುಗಿಸಬಹುದು. ‘ಈ ಸರ್ವೆ ನಂಬರಿನ ಇಷ್ಟು ಗುಂಟೆ ನಕಾಶೆ ದಾರಿಯಾಗಿದೆ, ಅದನ್ನು ಬಿಟ್ಟು ಗೋಡೆ ಕಟ್ಟಿರಿ’ ಎಂಬ ಅರ್ಜಿಗೆ ಹಾಗೆ ಉತ್ತರಿಸಲು ಬರುವುದಿಲ್ಲ.

ಜಮೀನು ಯಾವ ಬಗೆಯದು ಎಂದು ತಿಳಿಯುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಕೆಲಸ ಇದು, ಏಕೆಂದರೆ ಯಾವ ಕಾನೂನು, ಯಾವ ಗಡುವು, ಯಾವ ಅಧಿಕಾರಿ ಎಂಬುದೆಲ್ಲ ಜಮೀನಿನ ಬಗೆಯ ಮೇಲೆಯೇ ನಿಂತಿದೆ. ಯೋಜನೆಗೆ ಸೇರಿದ ಪ್ರತಿಯೊಂದು ಸರ್ವೆ ನಂಬರಿನ ಪಹಣಿಯನ್ನು ನಾಡಕಚೇರಿಯಿಂದಲೋ ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಿಂದಲೋ ತೆಗೆಸಿರಿ. ಅದರ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಇತರ ಹಕ್ಕು ಮತ್ತು ಋಣಗಳು, 12ನೇ ಕಾಲಂನಲ್ಲಿ ಸಾಗುವಳಿದಾರ ಹಾಗೂ ಬೆಳೆಯ ವಿವರ ಇರುತ್ತವೆ. 9ನೇ ಕಾಲಂನಲ್ಲಿ ‘ಸರಕಾರಿ ಗಾಯರಾಣ’ ಎಂದಿದ್ದರೆ ಅದು ಊರ ದನಗಳ ಮೇವಿಗೆ ಕಾಯ್ದಿರಿಸಿದ ನೆಲ. ದಕ್ಷಿಣ ಜಿಲ್ಲೆಗಳಲ್ಲಿ ಗೋಮಾಳ ಎನ್ನುವುದೂ ಇದನ್ನೇ. ಖಾಸಗಿ ಹೆಸರುಗಳಿದ್ದರೆ ಅದು ಪಟ್ಟಾ ಜಮೀನು, ಅದನ್ನು ಸ್ವಾಧೀನಪಡಿಸಿಕೊಳ್ಳದೆ ಕಟ್ಟಲಾಗದು. ಹಲವು ಊರುಗಳಲ್ಲಿ ಎರಡೂ ಬಗೆಯ ಜಮೀನು ಒಂದೇ ಯೋಜನೆಯೊಳಗೆ ಬೆರೆತಿರುತ್ತದೆ, ಆಗ ಎರಡು ಪ್ರತ್ಯೇಕ ಆಕ್ಷೇಪಣೆಗಳನ್ನೇ ಬರೆಯಬೇಕು.

ಈಗಿನ ಪಹಣಿ ಒಂದನ್ನೇ ನಂಬಿ ಕೂರಬಾರದು. ಕಲಬುರಗಿ, ಬೀದರ, ಯಾದಗಿರಿ ಮೂರೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಪ್ರದೇಶಗಳಾದ್ದರಿಂದ ಹಳೆಯ ದಾಖಲೆಗಳ ಕ್ರಮವೇ ಬೇರೆ, ಅವುಗಳಲ್ಲಿ ಹಲವು ಉರ್ದುವಿನಲ್ಲಿವೆ. ತಹಶೀಲ್ ಕಚೇರಿಯ ದಾಖಲೆ ಕೋಣೆಯಲ್ಲಿ 1954-55ರ ಖಾಸ್ರಾ ಪಹಣಿಯ ದೃಢೀಕೃತ ನಕಲನ್ನು ಕೇಳಿರಿ. ಇವತ್ತು ‘ಸರಕಾರಿ ಪಡ’ (ಪಾಳು ನೆಲ) ಎಂದು ಬರೆದಿರುವ ನೆಲ ಅಂದು ಗಾಯರಾಣವೋ, ಇನಾಮೋ, ಮಸಣವೋ ಆಗಿದ್ದರೆ ಅದು ಯಾವ ವರ್ಷ, ಯಾರ ಆದೇಶದಿಂದ ಬದಲಾಯಿತು ಎಂಬ ಪ್ರಶ್ನೆಯೇ ನಿಮ್ಮ ಆಕ್ಷೇಪಣೆಯ ಬೆನ್ನೆಲುಬಾಗುತ್ತದೆ. ಉರ್ದು ಓದಬಲ್ಲ ಹಿರಿಯರು ಊರಲ್ಲಿದ್ದರೆ ಅವರನ್ನು ಕೂರಿಸಿಕೊಂಡು ಓದಿಸಿರಿ, ಆದರೆ ಅರ್ಜಿಯೊಂದಿಗೆ ಲಗತ್ತಿಸುವ ಅನುವಾದಕ್ಕೆ ಅಧಿಕೃತ ಮುದ್ರೆ ಇರುವಂತೆ ನೋಡಿಕೊಳ್ಳಿರಿ.

ಮುಂದಿನದು ಊರ ನಕಾಶೆ. ಭೂಮಾಪನ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿ ದಾರಿಯನ್ನು ಎರಡು ಚುಕ್ಕೆ ಸಾಲುಗಳಿಂದಲೂ, ಕಾಲುದಾರಿಯನ್ನು ಒಂದೇ ಚುಕ್ಕೆ ಸಾಲಿನಿಂದಲೂ ತೋರಿಸಿರುತ್ತಾರೆ. ಹಳ್ಳ, ನಾಲಾ, ಬಾವಿ, ಗುಡಿ, ದರ್ಗಾ, ಮಸಣಗಳೂ ಅಲ್ಲಿ ಗುರುತಾಗಿರುತ್ತವೆ. ದಿಶಾಂಕ್ ಆ್ಯಪ್ ಇರುವ ಮೊಬೈಲು ಹಿಡಿದು ಗೋಡೆಗೆ ಸುಣ್ಣದ ಗುರುತು ಹಾಕಿದ ಸಾಲಿನಲ್ಲಿ ನಡೆದರೆ, ಯಾವ ಹೆಜ್ಜೆಯಲ್ಲಿ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂಬುದು ತಿಳಿಯುತ್ತದೆ. ಅದು ಅಂದಾಜಿಗೆ ಮಾತ್ರ. ವಾದಕ್ಕೆ ಬೇಕಾದದ್ದು ಟಿಪ್ಪಣ (ಮೂಲ ಅಳತೆಯ ದಾಖಲೆ), ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಪರವಾನಗಿ ಪಡೆದ ಭೂಮಾಪಕರ ನಕ್ಷೆ. ದಾರಿ ಅಥವಾ ಹಳ್ಳ ಗೋಡೆಯೊಳಗೆ ಹೋಗುತ್ತಿದ್ದರೆ ಆ ಜಾಗದಲ್ಲಿ ದಿನಾಂಕ ಕಾಣುವಂತೆ ಫೋಟೊ ತೆಗೆದು, ಅಕ್ಕಪಕ್ಕದ ಹೊಲದವರ ಸಹಿ ಪಡೆದು ಇಟ್ಟುಕೊಳ್ಳಿರಿ. ಎರೆ ಭೂಮಿಯಲ್ಲಿ ಹಳ್ಳಕ್ಕೆ ಅಡ್ಡ ಗೋಡೆ ಬಂದರೆ ಮಳೆಗಾಲದ ನೀರು ಮೇಲಿನ ಹೊಲಗಳಲ್ಲಿ ನಿಂತು ತೊಗರಿಯ ಬೇರು ಕೊಳೆಯುತ್ತದೆ. ಒಂದೆರಡು ಮಳೆ ಕಳೆದ ಮೇಲೆ ಈ ಹಾನಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಅಷ್ಟರಲ್ಲಿ ಗೋಡೆ ಎದ್ದಿರುತ್ತದೆ. ನಕಾಶೆಯ ಚುಕ್ಕೆ ಸಾಲನ್ನು ಗೋಡೆಗೆ ಮೊದಲೇ ಅಧಿಕಾರಿಗಳ ಮೇಜಿನ ಮೇಲೆ ಇಡಬೇಕೆಂದು ಒತ್ತಿ ಹೇಳುವುದು ಇದಕ್ಕಾಗಿ.

ಗಾಯರಾಣವಾದರೆ

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಕಲಂ ಪ್ರಕಾರ ಮೇವಿಗೆ ನೆಲವನ್ನು ಕಾಯ್ದಿರಿಸಲಾಗುತ್ತದೆ. ಭೂ ಮಂಜೂರಾತಿ ನಿಯಮಗಳು, 1969ರ 97ನೇ ನಿಯಮ ಅದರ ಪ್ರಮಾಣವನ್ನು ಹೇಳುತ್ತದೆ: ಪ್ರತಿ 100 ದನಗಳಿಗೆ 12 ಹೆಕ್ಟೇರ್. ಊರಲ್ಲಿ 300 ದನಗಳಿದ್ದರೆ 36 ಹೆಕ್ಟೇರ್, ಅಂದರೆ ಸುಮಾರು 89 ಎಕರೆ ಉಳಿಯಬೇಕು. ಆದ್ದರಿಂದ ಪಶುಪಾಲನಾ ಇಲಾಖೆಯಿಂದ ನಿಮ್ಮ ಗ್ರಾಮದ ಜಾನುವಾರು ಗಣತಿಯ ಅಂಕಿಯನ್ನು, ತಹಶೀಲ್ ಕಚೇರಿಯಿಂದ ಗ್ರಾಮದ ಒಟ್ಟು ಗಾಯರಾಣದ ವಿಸ್ತೀರ್ಣವನ್ನು ಪಡೆದು ಎರಡನ್ನೂ ಒಂದೇ ಹಾಳೆಯಲ್ಲಿ ಎದುರುಬದುರಾಗಿ ಬರೆಯಿರಿ. ಈಗಾಗಲೇ ಕೊರತೆ ಇದ್ದರೆ ನಿಮ್ಮ ಮಾತಿಗೆ ಬಲ ಹೆಚ್ಚು. ಗ್ರಾಮಕ್ಕೆ ಸಾಕಷ್ಟು ಅರಣ್ಯವಿದ್ದರೆ ಈ ಪ್ರಮಾಣವನ್ನು ಕಡಿಮೆ ಮಾಡಲು ಅವಕಾಶವಿದೆ ಎಂಬುದನ್ನೂ ತಿಳಿದಿರಿ. ಚಿಂಚೋಳಿಯ ಕಡೆಯ ಊರುಗಳಿಗೆ ಈ ಪ್ರಶ್ನೆ ಬರಬಹುದು, ಅಫಜಲಪುರ, ಜೇವರ್ಗಿಯ ಬಯಲಿನ ಊರುಗಳಿಗೆ ಬರುವುದು ಕಡಿಮೆ.

ಗ್ರಾಮದ ಸಾಮೂಹಿಕ ಭೂಮಿಯ ಬಗ್ಗೆ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಇಂತಹ ಆಕ್ಷೇಪಣೆಗಳಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಉಲ್ಲೇಖಿಸಿರಿ, ಆದರೆ ಅದೊಂದರ ಮೇಲೆಯೇ ಭಾರ ಹಾಕಬೇಡಿರಿ. ಆ ತೀರ್ಪು ಮುಖ್ಯವಾಗಿ ಒತ್ತುವರಿಯ ಕುರಿತದ್ದು, ಭೂಮಿಯ ಮೇಲೆ ಈಗಾಗಲೇ ಶಾಲೆ, ದವಾಖಾನೆಯಂತಹ ಸಾರ್ವಜನಿಕ ಸೌಕರ್ಯವಿದ್ದರೆ ಅದಕ್ಕೆ ವಿನಾಯಿತಿಯನ್ನೂ ಹೇಳಿದೆ. ಎದುರು ವಕೀಲರು ಅದನ್ನೇ ಎತ್ತುತ್ತಾರೆ. ನನ್ನ ದೃಷ್ಟಿಯಲ್ಲಿ 97ನೇ ನಿಯಮದ ಲೆಕ್ಕವೇ ಹೆಚ್ಚು ಗಟ್ಟಿ.

ಇದೇ ನೆಲದಲ್ಲಿ ಬಗರ್ ಹುಕುಂ, ಅಂದರೆ ಮಂಜೂರಾತಿಯಿಲ್ಲದ, ಸಾಗುವಳಿ ಮಾಡುತ್ತಿರುವ ಬಡವರು ಇದ್ದೇ ಇರುತ್ತಾರೆ. ಸಕ್ರಮಕ್ಕಾಗಿ ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಹಾಕಿ ಉತ್ತರಕ್ಕೆ ಕಾದಿರುವವರ ಸ್ವೀಕೃತಿ ಚೀಟಿಗಳನ್ನು ಒಟ್ಟುಗೂಡಿಸಿ, ಆ ಅರ್ಜಿಗಳು ಇತ್ಯರ್ಥವಾಗುವ ಮೊದಲು ಭೂಮಿಯನ್ನು ಹಸ್ತಾಂತರಿಸಬಾರದೆಂದು ಪ್ರತ್ಯೇಕವಾಗಿ ಕೋರಿರಿ. ದನ ಕಾಯುವವರ ಬೇಡಿಕೆಗೂ ಸಾಗುವಳಿದಾರರ ಬೇಡಿಕೆಗೂ ಒಳಗೊಳಗೇ ತಿಕ್ಕಾಟವಿರುವುದರಿಂದ ಇದನ್ನು ಊರೊಳಗೆ ಮೊದಲೇ ಮಾತಾಡಿ ಬಗೆಹರಿಸಿಕೊಳ್ಳದಿದ್ದರೆ ವಿಚಾರಣೆಯ ದಿನ ಊರು ಎರಡಾಗಿ ನಿಲ್ಲುತ್ತದೆ.

ಪಟ್ಟಾ ಜಮೀನಾದರೆ

2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯ್ದೆಯಡಿ ಮೊದಲು ಸಾಮಾಜಿಕ ಪರಿಣಾಮ ಅಧ್ಯಯನ, ನಂತರ 11ನೇ ಕಲಂನ ಪ್ರಾಥಮಿಕ ಅಧಿಸೂಚನೆ ಬರುತ್ತದೆ. ಅಧಿಸೂಚನೆಯು ರಾಜ್ಯಪತ್ರದಲ್ಲಿ, ಎರಡು ದಿನಪತ್ರಿಕೆಗಳಲ್ಲಿ, ಗ್ರಾಮ ಪಂಚಾಯತಿ ಹಾಗೂ ತಹಶೀಲ್ ಕಚೇರಿಗಳಲ್ಲಿ ಪ್ರಕಟವಾಗಬೇಕು. ಪ್ರಕಟವಾದ ದಿನದಿಂದ 60 ದಿನಗಳೊಳಗೆ 15ನೇ ಕಲಂನಡಿ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು, ಮತ್ತು ಆಕ್ಷೇಪಣೆ ಸಲ್ಲಿಸಿದವರ ಮಾತನ್ನು ಖುದ್ದಾಗಿಯೋ ವಕೀಲರ ಮೂಲಕವೋ ಆಲಿಸುವುದು ಜಿಲ್ಲಾಧಿಕಾರಿಯ ಕರ್ತವ್ಯ. ಈ ಕಲಂ ಹೇಳುವ ಆಧಾರಗಳು ಮೂರು: ಜಮೀನಿನ ವಿಸ್ತೀರ್ಣ ಮತ್ತು ಯೋಗ್ಯತೆ, ಸಾರ್ವಜನಿಕ ಉದ್ದೇಶಕ್ಕೆ ಕೊಟ್ಟ ಸಮರ್ಥನೆ, ಸಾಮಾಜಿಕ ಪರಿಣಾಮ ವರದಿಯ ನಿರ್ಣಯಗಳು. ನಿಮ್ಮ ಪ್ರತಿಯೊಂದು ಅಂಶವನ್ನೂ ಈ ಮೂರರಲ್ಲೊಂದರ ಕೆಳಗೆ ತಂದು ಬರೆಯಿರಿ. ‘ತಲತಲಾಂತರದಿಂದ ಉಳುತ್ತಿದ್ದೇವೆ’ ಎಂಬ ಮಾತು ಸತ್ಯವೇ ಆದರೂ ಆಧಾರವಾಗಿ ನಿಲ್ಲಬೇಕಾದರೆ ಜಮೀನಿನ ಯೋಗ್ಯತೆಯ ಕೆಳಗೆ, ಬೆಳೆಯ ಲೆಕ್ಕದ ಜೊತೆಗೆ ಬರಬೇಕು.

ರಾಜ್ಯವು 2019ರಲ್ಲಿ ತಂದ ತಿದ್ದುಪಡಿಯು ಕೆಲವು ಬಗೆಯ ಯೋಜನೆಗಳಿಗೆ ಸಾಮಾಜಿಕ ಪರಿಣಾಮ ಅಧ್ಯಯನದಿಂದ ವಿನಾಯಿತಿ ಕೊಡಲು ಸರ್ಕಾರಕ್ಕೆ ಅವಕಾಶ ನೀಡಿದೆ. ಆದ್ದರಿಂದ ಅಧಿಸೂಚನೆ ಕೈಗೆ ಬಂದ ಕೂಡಲೇ ಅದರಲ್ಲಿ ವಿನಾಯಿತಿಯ ಮಾತಿದೆಯೇ, ಇದ್ದರೆ ವಿಶ್ವವಿದ್ಯಾಲಯದ ಕಟ್ಟಡವು ಯಾವ ವರ್ಗದಲ್ಲಿ ಸೇರಿತು ಎಂದು ಲಿಖಿತವಾಗಿ ಕೇಳಿರಿ. ಮೂಲ ಕಾಯ್ದೆಯು ಸಾರ್ವಜನಿಕ ಉದ್ದೇಶದ ಮೂಲಸೌಕರ್ಯವನ್ನು ಹೇಳುವಾಗ ಖಾಸಗಿ ಶಿಕ್ಷಣ ಸಂಸ್ಥೆಗಳನ್ನು ಹೊರಗಿಟ್ಟಿದೆ. ಖಾಸಗಿ ವಿಶ್ವವಿದ್ಯಾಲಯದ ಯೋಜನೆಯನ್ನು ಎದುರಿಸುವವರಿಗೆ ಇದು ಬಹಳ ಮುಖ್ಯವಾದ ಅಂಶ. ನೀರಾವರಿಯಿರುವ, ವರ್ಷಕ್ಕೆ ಎರಡು ಬೆಳೆ ಕೊಡುವ ಭೂಮಿಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಸ್ವಾಧೀನಪಡಿಸಿಕೊಳ್ಳಬೇಕೆಂದು 10ನೇ ಕಲಂ ಹೇಳುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ಶಹಾಪುರ, ಸುರಪುರದ ರೈತರು ನೀರು ಬಳಕೆದಾರರ ಸಂಘದ ರಸೀದಿ ಮತ್ತು 12ನೇ ಕಾಲಂನ ಬೆಳೆ ನಮೂದನ್ನು ಜೊತೆಗಿಟ್ಟರೆ ಈ ಕಲಂ ಅವರ ಪರವಾಗಿ ಮಾತಾಡುತ್ತದೆ. ಭೂಮಿಯನ್ನು ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕ ತೆಗೆದುಕೊಳ್ಳುತ್ತಿದ್ದರೆ ಕಾಯ್ದೆಯೇ ಬೇರೆ, 1966ರದು. ಅಲ್ಲಿ 28(2)ನೇ ಕಲಂನ ನೋಟಿಸಿಗೆ ಉತ್ತರಿಸಲು ಸಿಗುವುದು 30 ದಿನ ಮಾತ್ರ.

ಯೋಜನೆಯ ಕಾಗದಗಳನ್ನು ಪಡೆಯುವುದು

ಮಾಹಿತಿ ಹಕ್ಕು ಅರ್ಜಿಯನ್ನು ಅಧಿಸೂಚನೆಗೆ ಕಾಯದೆ, ಸುದ್ದಿ ಕಿವಿಗೆ ಬಿದ್ದ ವಾರದಲ್ಲಿಯೇ ಹಾಕಬೇಕು, ಏಕೆಂದರೆ ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ ಮತ್ತೊಂದಷ್ಟು ದಿನ ಬೇಕು. ರಾಜ್ಯದ ವಿಶ್ವವಿದ್ಯಾಲಯಕ್ಕಾದರೆ ರಾಜ್ಯದ ನಿಯಮದಂತೆ 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಈ ಮಿತಿ ಮೀರಿದರೆ ಅರ್ಜಿ ಹಿಂದಿರುಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ನಿಯಮ, ಅಲ್ಲಿ 500 ಪದ, ಎರಡನೆಯ ಮೇಲ್ಮನವಿ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ. ‘ಯೋಜನೆಯ ಎಲ್ಲ ಮಾಹಿತಿ ಕೊಡಿ’ ಎಂದು ಬರೆಯಬೇಡಿರಿ. ವಿಸ್ತೃತ ಯೋಜನಾ ವರದಿ, ಆವರಣದ ಸಮಗ್ರ ನಕ್ಷೆ, ಜಾಗ ಆಯ್ಕೆಯ ಸ್ಥಳ ಪರಿಶೀಲನಾ ವರದಿ, ಸಿಂಡಿಕೇಟ್ ಸಭೆಯ ನಡವಳಿ, ಅನುದಾನದ ಮಂಜೂರಾತಿ ಆದೇಶ ಎಂದು ಹೆಸರಿಸಿ ಕೇಳಿರಿ.

ಅವುಗಳ ಜೊತೆಗೆ ಇನ್ನೊಂದನ್ನು ಕೇಳುವುದು ಫಲಕಾರಿ: ವಿಶ್ವವಿದ್ಯಾಲಯದ ಬಳಿ ಈಗಿರುವ ಜಮೀನೆಷ್ಟು, ಅದರಲ್ಲಿ ಕಟ್ಟಡಕ್ಕೆ ಬಳಸಿರುವುದು ಎಷ್ಟು. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಸುಮಾರು 860 ಎಕರೆಯದು, ಕಡಗಂಚಿಯದು ಸುಮಾರು 650 ಎಕರೆಯದು. ಈ ಸೀಮೆಯಲ್ಲಿ ವಿಶ್ವವಿದ್ಯಾಲಯ ಎಂದರೆ ನೂರಾರು ಎಕರೆ ಎಂಬ ರೂಢಿ ಬೆಳೆದಿದೆ. ಮೂರು ಅಂತಸ್ತಿನ ಕಟ್ಟಡ ಕಟ್ಟಬಹುದಾದಲ್ಲಿ ಒಂದೇ ಅಂತಸ್ತಿನವನ್ನು ಹರಡಿ ಕಟ್ಟುವ ನಕ್ಷೆ ಕೈಗೆ ಸಿಕ್ಕರೆ, ಜಮೀನು ಕಡಿಮೆ ಮಾಡಿರೆಂಬ ನಿಮ್ಮ ಬೇಡಿಕೆಗೆ ಅದೇ ಸಾಕ್ಷಿ.

ಪರಿಸರ, ನೀರು, ಮರ, ಸ್ಮಾರಕ

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರಿಗಿಂತ ಹೆಚ್ಚಿನ ಕಟ್ಟಡ ವಿಸ್ತೀರ್ಣಕ್ಕೆ ಪೂರ್ವಾನುಮತಿ ಬೇಕು. ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳಿಗೆ ವಿನಾಯಿತಿ ಇದೆಯೆಂದು ಕೆಲವರು ಹೇಳಿಬಿಡುತ್ತಾರೆ. 2025ರ ಜನವರಿಯ ಅಧಿಸೂಚನೆಯೊಂದು ಹಾಗೆ ವಿನಾಯಿತಿ ಕೊಟ್ಟದ್ದು ನಿಜ. ಆ ಭಾಗವನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 5ರಂದು ರದ್ದುಗೊಳಿಸಿತು. ಕಟ್ಟಡ ಯೋಜನೆಗಳಿಗೆ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯುವುದಿಲ್ಲವಾದ್ದರಿಂದ ನಿಮ್ಮನ್ನು ಯಾರೂ ಕರೆದು ಕೇಳುವುದಿಲ್ಲ. ಪರಿಸರ ಅನುಮತಿಯ ಅರ್ಜಿಗಳು ಬರುವ ಪರಿವೇಶ್ ಜಾಲತಾಣದಲ್ಲಿ ಈ ಯೋಜನೆಯ ಅರ್ಜಿ ಬಂದಿದೆಯೇ ಎಂದು ನೋಡುತ್ತಿದ್ದು, ಬಂದಾಗ ರಾಜ್ಯ ಮಟ್ಟದ ಪರಿಸರ ಪರಿಣಾಮ ಪ್ರಾಧಿಕಾರಕ್ಕೆ ನೀವಾಗಿಯೇ ಬರೆಯಬೇಕು. ಅನುಮತಿ ಕೊಟ್ಟುಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ 30 ದಿನಗಳೊಳಗೆ ಮೇಲ್ಮನವಿ. ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅದರಾಚೆ ಇಲ್ಲ.

ಬೇಸಿಗೆಯಲ್ಲಿ ಊರಿನ ಬೋರ್‌ವೆಲ್ ಬತ್ತುವ ಸೀಮೆ ಇದಾದ್ದರಿಂದ ಎಷ್ಟು ವಿದ್ಯಾರ್ಥಿಗಳಿಗೆ, ದಿನಕ್ಕೆ ಎಷ್ಟು ನೀರು, ಯಾವ ಮೂಲದಿಂದ, ಕೊಳಚೆ ಎಲ್ಲಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಕೇಳಿರಿ. ಮರಗಳ ವಿಷಯದಲ್ಲಿ, 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಬೇವು, ಹುಣಸೆ, ಬನ್ನಿಗಳನ್ನು ಬಿಡಿಬಿಡಿಯಾಗಿ ಎಣಿಸಿ ಪಟ್ಟಿ ಮಾಡಿರಿ.

ಬೀದರಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದಿದೆ. ನೌಬಾದಿನ ಬಳಿ ಬಹಮನಿ ಕಾಲದ ಕಾರೇಜ್, ಜನ ಸುರಂಗ ಬಾವಿ ಎನ್ನುವ ನೀರಿನ ಸುರಂಗ, ಜಂಬಿಟ್ಟಿಗೆ ಕಲ್ಲಿನೊಳಗೆ ಹರಿಯುತ್ತದೆ. ನೆಲದ ಮೇಲೆ ಕಾಣುವುದು ಸಾಲಾಗಿ ಇಳಿದ ಬಾವಿಯಂತಹ ಕಿಂಡಿಗಳು ಮಾತ್ರ. ಎರಡು ಕಿಂಡಿಗಳ ನಡುವಿನ ಬಯಲು ಖಾಲಿ ನಿವೇಶನದಂತೆಯೇ ತೋರುತ್ತದೆ. ಅಲ್ಲಿ ಅಡಿಪಾಯ ತೋಡಿದರೆ ಸುರಂಗದ ಚಾವಣಿಯೇ ಕುಸಿಯಬಹುದು. ಇಂತಹ ನೆಲದ ಸಮೀಪ ಯಾವ ಕಟ್ಟಡ ಬಂದರೂ ಕಿಂಡಿಯಿಂದ ಕಿಂಡಿಗೆ ಸುರಂಗದ ಹಾದಿಯನ್ನು ಗುರುತಿಸಿದ ನಕ್ಷೆ ಇಲ್ಲದೆ ಅಗೆತ ಆರಂಭಿಸಬಾರದೆಂದು ಪುರಾತತ್ವ ಇಲಾಖೆಗೂ ಜಿಲ್ಲಾಧಿಕಾರಿಗೂ ಏಕಕಾಲದಲ್ಲಿ ಬರೆಯಬೇಕು. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗಾದರೆ 100 ಮೀಟರು ನಿಷೇಧಿತ, ಅದರಾಚೆಯ 200 ಮೀಟರು ನಿಯಂತ್ರಿತ ವಲಯ ಎಂದು ಕಾನೂನೇ ಹೇಳುತ್ತದೆ.

ಆಕ್ಷೇಪಣೆಯ ಒಕ್ಕಣೆ ಮತ್ತು ಸಲ್ಲಿಕೆ

ಎಲ್ಲರ ಸಹಿಯ ಒಂದೇ ಮನವಿಪತ್ರಕ್ಕಿಂತ, ಬಾಧಿತರು ಒಬ್ಬೊಬ್ಬರೂ ಬರೆದ ಬಿಡಿ ಆಕ್ಷೇಪಣೆಗಳಿಗೆ ತೂಕ ಹೆಚ್ಚು, ಏಕೆಂದರೆ ಪ್ರತಿಯೊಬ್ಬರಿಗೂ ವಿಚಾರಣೆಯ ಅವಕಾಶ ಕೇಳಬಹುದು. ಒಕ್ಕಣೆ ಹೀಗಿರಲಿ:

‘ವಿಶ್ವವಿದ್ಯಾಲಯ ನಮ್ಮ ಭಾಗಕ್ಕೆ ಬೇಕು ಎಂಬುದು ನಮ್ಮ ಸ್ಪಷ್ಟ ನಿಲುವು. ನಮ್ಮ ಆಕ್ಷೇಪಣೆ ಇರುವುದು ಮೇಲೆ ಕಾಣಿಸಿದ ಸರ್ವೆ ನಂಬರಿನ ಪಶ್ಚಿಮ ದಿಕ್ಕಿನ ಭಾಗಕ್ಕೆ ಮಾತ್ರ. ಗ್ರಾಮ ನಕಾಶೆಯಂತೆ ಇಲ್ಲಿ ಬಂಡಿ ದಾರಿ ಇದ್ದು, ಇದರಾಚೆಯ ಹೊಲಗಳಿಗೆ ಬೇರೆ ದಾರಿ ಇರುವುದಿಲ್ಲ. ದೃಢೀಕೃತ ನಕಾಶೆ ಮತ್ತು ಭೂಮಾಪಕರ ನಕ್ಷೆ ಲಗತ್ತಿಸಿದೆ. ಈ ಭಾಗವನ್ನು ಯೋಜನೆಯಿಂದ ಕೈಬಿಡಬೇಕೆಂದೂ, ನನ್ನನ್ನು ಖುದ್ದಾಗಿ ಆಲಿಸಬೇಕೆಂದೂ, ಅಲ್ಲಿಯವರೆಗೆ ಸ್ಥಳದಲ್ಲಿ ಕಾಮಗಾರಿ ಮಾಡಬಾರದೆಂದೂ ಕೋರುತ್ತೇನೆ.’

ಅರ್ಜಿಯನ್ನು ಜಿಲ್ಲಾಧಿಕಾರಿಯ ಹೆಸರಿಗೆ ಬರೆದು, ಸಹಾಯಕ ಆಯುಕ್ತರು, ತಹಶೀಲ್ದಾರರು ಮತ್ತು ವಿಶ್ವವಿದ್ಯಾಲಯದ ಕುಲಸಚಿವರಿಗೆ ಪ್ರತಿ ಕಳಿಸಿರಿ. ಆವಕ ಶಾಖೆಯ ಮುದ್ರೆ, ದಿನಾಂಕ ಮತ್ತು ಸಂಖ್ಯೆ ನಿಮ್ಮ ಪ್ರತಿಯ ಮೇಲೆ ಬೀಳುವವರೆಗೆ ಕಚೇರಿ ಬಿಟ್ಟು ಹೊರಡಬೇಡಿರಿ; ತೆಗೆದುಕೊಳ್ಳಲು ಹಿಂದೇಟು ಹಾಕಿದರೆ ಅಂದೇ ಸ್ಪೀಡ್ ಪೋಸ್ಟ್ ಮಾಡಿರಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದೂ ಇದರ ಭಾಗವೇ. ವಿಶೇಷ ಗ್ರಾಮಸಭೆಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಕೋರಿಕೆ ಕೊಟ್ಟು, ಡಂಗುರ ಸಾರಿಸಿ, ಹೆಣ್ಣುಮಕ್ಕಳೂ ಬರುವ ಹೊತ್ತಿಗೆ ಸಭೆ ಇರಿಸಿ, ಠರಾವಿನಲ್ಲಿ ಸರ್ವೆ ನಂಬರುಗಳನ್ನು ಬರೆಸಿರಿ. ನಡವಳಿ ಪುಸ್ತಕದ ದೃಢೀಕೃತ ನಕಲು ಕೈಯಲ್ಲಿರಬೇಕು.

ಧರಣಿ ಮಾಡುವುದಾದರೆ ಪೊಲೀಸರಿಗೆ ಮುಂಚಿತವಾಗಿ ತಿಳಿಸಿ, ಅನುಮತಿ ಪಡೆದು, ಜಿಲ್ಲಾಧಿಕಾರಿ ಕಚೇರಿಯೆದುರು ಕೂರುವುದೇ ಲೇಸು. ಜೆಸಿಬಿಗೆ ಅಡ್ಡ ಮಲಗಿದರೆ ಮರುದಿನದ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಜೊತೆಗೆ ಕರ್ತವ್ಯಕ್ಕೆ ಅಡ್ಡಿಪಡಿಸಿದ ಪ್ರಕರಣವೂ ಬರುತ್ತದೆ. ಆ ಪ್ರಕರಣದಲ್ಲಿ ಹೆಸರು ಬಿದ್ದ ಹುಡುಗ ಮುಂದೆ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕುವವನೇ ಆಗಿರುತ್ತಾನೆ. ಅವನನ್ನು ಮುಂದೆ ನಿಲ್ಲಿಸುವ ಹಿರಿಯರು ಇದನ್ನು ಯೋಚಿಸಲೇಬೇಕು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕಂಡು ಮಾತಾಡಿರಿ. ಅವರಲ್ಲಿ ಹಲವರು ಇಂತಹ ಊರುಗಳಿಂದಲೇ ಬಂದವರು.

ಸಂಧಾನ ಮತ್ತು ನ್ಯಾಯಾಲಯ

ಬಹುತೇಕ ಪ್ರಕರಣಗಳು ಜಿಲ್ಲಾಧಿಕಾರಿಯ ಸಭೆಯಲ್ಲಿ ಅರ್ಧ ದಾರಿಗೆ ಬಂದು ನಿಲ್ಲುತ್ತವೆ. ಆ ಸಭೆಗೆ ಹೋಗುವ ಮೊದಲು ಯಾವುದನ್ನು ಬಿಟ್ಟುಕೊಡುವುದಿಲ್ಲ, ಯಾವುದಕ್ಕೆ ಒಪ್ಪಬಹುದು ಎಂಬುದನ್ನು ಊರು ನಿಶ್ಚಯಿಸಿಕೊಂಡಿರಬೇಕು: ದಾರಿ ಬಿಟ್ಟು ಗೋಡೆ, ಗಾಯರಾಣಕ್ಕೆ ಬದಲಿ ನೆಲ, ಊರ ನೀರಿನ ಮೂಲಕ್ಕೆ ಕೈ ಹಚ್ಚದಿರುವುದು. ಬಾಯಿಮಾತಿನ ಭರವಸೆಯನ್ನು ಸಭಾ ನಡವಳಿಯಲ್ಲಿ ಬರೆಸದೆ ಎದ್ದು ಬರಬಾರದು. ಹುದ್ದೆಯ ಭರವಸೆಗಳ ಬಗ್ಗೆ ವಿಶೇಷ ಎಚ್ಚರವಿರಲಿ. ಕಾಯಂ ಹುದ್ದೆಗಳು ನೇಮಕಾತಿ ನಿಯಮಗಳ ಮೂಲಕವೇ ತುಂಬುವವು, ಸಭೆಯಲ್ಲಿ ಹಂಚುವಂಥವಲ್ಲ.

ಇದಕ್ಕೂ ಬಗೆಹರಿಯದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠವಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಈ ಪೀಠದಿಂದಾಗಿ ಬೆಂಗಳೂರಿಗೆ ಅಲೆಯುವ ಕಷ್ಟ ಈ ಭಾಗದವರಿಗೆ ತಪ್ಪಿದೆ. ರಿಟ್ ಅರ್ಜಿಯಲ್ಲಿ ನ್ಯಾಯಾಲಯ ಮೊದಲು ನೋಡುವುದು ತಡ ಮಾಡಿ ಬಂದಿದ್ದೀರಾ ಎಂಬುದನ್ನು, ಮತ್ತು ಅಧಿಕಾರಿಗಳ ಮುಂದೆ ಆಕ್ಷೇಪಣೆ ಸಲ್ಲಿಸಿದ್ದಿರಾ ಎಂಬುದನ್ನು. ಮುದ್ರೆ ಬಿದ್ದ ಪ್ರತಿಗಳು ಅಲ್ಲಿ ಕೆಲಸಕ್ಕೆ ಬರುತ್ತವೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಡೆಯಾಜ್ಞೆ ಸಿಗಲಿ ಬಿಡಲಿ, ಜಂಟಿ ಮೋಜಣಿಯ (ಅಳತೆಯ) ದಿನ ಸ್ಥಳದಲ್ಲಿದ್ದು ಪಂಚನಾಮೆಯನ್ನು ಓದಿಯೇ ಸಹಿ ಮಾಡಿರಿ. ಸರ್ಕಾರಿ ನೆಲ ಮಂಜೂರಾಗಿಬಿಟ್ಟಿದ್ದರೆ ಮಂಜೂರಾತಿ ಆದೇಶದ ಷರತ್ತುಗಳ ನಕಲನ್ನು ಪಡೆದು, ಯಾವ ಉದ್ದೇಶಕ್ಕೆ, ಎಷ್ಟು ಅವಧಿಯೊಳಗೆ ಬಳಸಬೇಕೆಂದು ಬರೆದಿದೆಯೋ ಅದನ್ನು ಪಂಚಾಯತಿಯ ಕಡತದಲ್ಲಿ ಸೇರಿಸಿರಿ, ಷರತ್ತು ಮುರಿದ ದಿನ ಜಿಲ್ಲಾಧಿಕಾರಿಗೆ ಬರೆಯಬೇಕಾದ ಮುಂದಿನ ಅರ್ಜಿ ಅದರ ಆಧಾರದ ಮೇಲೆಯೇ ನಿಲ್ಲುತ್ತದೆ.